ಬಾಯಿಲ್ಲದ ಬಕಾಸುರ

ಹೋದ ತಿಂಗಳು ಮಗಳು ನನಗೆಂದು ಹೊಸ ಹಾಸಿಗೆ ತರಿಸಿದಳು. ಬೆನ್ನುನೋವಿಗೆ ಹತ್ತಿ ಹಾಸಿಗೆ ಆಗದು, ರಬ್ಬರಿನದೇ ಬೇಕು ಎಂದು ಡಾಕ್ಟರು ಹೇಳಿದ್ದರು. ಕಲ್ಯಾಣ ನಗರದ ನಮ್ಮ ಮನೆಯ ಎರಡನೇ ಮಹಡಿಗೆ ಇಬ್ಬರು ಅದನ್ನು ಹೊತ್ತು ತಂದು, ಮೇಲಿನ ಪ್ಲಾಸ್ಟಿಕ್ ಹರಿದರು. ಹಸಿ ರಬ್ಬರಿನ ವಾಸನೆ ಕೋಣೆ ತುಂಬಿತು. ನಾನು ಬಾಲ್ಕನಿಗೆ ಹೋಗಿ ನಿಂತೆ.

"ಎರಡು ದಿನ ಬಿಸ್ಲಲ್ಲಿಟ್ರೆ ವಾಸ್ನೆ ಹೋಗುತ್ತೆ ಬಿಡಪ್ಪಾ," ಎಂದಳು ಮಗಳು. ಅವಳಿಗೆ ಪಿಳ್ಳಪ್ಪ ಮಾವನ ನೆನಪಿಲ್ಲ. ಮಾವ ಸಿನಿಮಾದಲ್ಲಿ ಸತ್ತ ವರ್ಷ ಅವಳಿಗೆ ಮೂರು ವರ್ಷ. ಅದು ಎರಡು ಸಾವಿರದ ನಾಲ್ಕರ ಬೇಸಿಗೆ.

ಪಿಳ್ಳಪ್ಪ ನನ್ನ ತಾಯಿಯ ತಮ್ಮ. ಹೆಸರು ಪಿಳ್ಳಪ್ಪ, ಆಳು ಮಾತ್ರ ಬಾಗಿಲು ಬಗ್ಗಿ ದಾಟಬೇಕಾದಷ್ಟು ಎತ್ತರ. ಬಾಣಸವಾಡಿ ಸ್ಟೇಷನ್ನಿನ ಆಚೆ ಇದ್ದ ನಮ್ಮೂರಿನ ಹೊಲಗಳು ಸೈಟುಗಳಾಗಿ, ಸೈಟುಗಳ ಮೇಲೆ ನಾಲ್ಕಂತಸ್ತಿನ ಮನೆಗಳೆದ್ದಿದ್ದವು. ಊರು ಊರಾಗಿ ಉಳಿದದ್ದು ವರ್ಷಕ್ಕೆ ಒಂದೇ ದಿನ. ಯುಗಾದಿ ಕಳೆದ ಮೇಲೆ ಶಾಲೆ ಮೈದಾನದಲ್ಲಿ ನಾವೇ ಸೇರಿ ರಾತ್ರಿಯಿಡೀ ಬಕಾಸುರನ ನಾಟಕ ಆಡುತ್ತಿದ್ದೆವು. ಮಾವ ಇಪ್ಪತ್ತೆಂಟು ವರ್ಷ ಬಕಾಸುರ. ಕೊನೆಯ ಒಂಬತ್ತು ವರ್ಷ ನಾನು ಭೀಮ. ಉಳಿದ ದಿನಗಳಲ್ಲಿ ಮಾವ ಎರಡು ಹಸು ಕಟ್ಟಿಕೊಂಡು ಹಾಲು ಹಾಕುತ್ತಿದ್ದ, ನಾನು ಮಹದೇವಪುರದ ಫ್ಯಾಕ್ಟರಿಯೊಂದರಲ್ಲಿ ಫಿಟ್ಟರ್.

ಕತೆ ಎಲ್ಲರಿಗೂ ಗೊತ್ತಿರುವುದೇ. ಏಕಚಕ್ರಪುರದ ಜನ ದಿನವೂ ಒಂದು ಬಂಡಿ ಅನ್ನ, ಅದರ ಜೊತೆ ಒಬ್ಬ ಮನುಷ್ಯನನ್ನು ಬಕಾಸುರನಿಗೆ ಕಳಿಸಬೇಕು. ಒಂದು ದಿನ ಬ್ರಾಹ್ಮಣನ ಮನೆಯ ಸರದಿ ಬಂದಾಗ ಭೀಮ ತಾನೇ ಬಂಡಿ ಹತ್ತಿ ಹೋಗುತ್ತಾನೆ, ದಾರಿಯಲ್ಲೇ ಅನ್ನವನ್ನೆಲ್ಲ ತಿಂದು ಮುಗಿಸುತ್ತಾನೆ, ಆಮೇಲೆ ರಾಕ್ಷಸನನ್ನು ಕೊಲ್ಲುತ್ತಾನೆ. ನಮ್ಮ ನಾಟಕದಲ್ಲಿ ಭೀಮ ನಿಜವಾಗಿಯೇ ತಿನ್ನಬೇಕು. ಹೆಂಗಸರು ಮನೆಮನೆಯಿಂದ ಮುದ್ದೆ, ಅವರೆಕಾಳು ಸಾರು, ಹೋಳಿಗೆ ತಂದು ಬಂಡಿಗೆ ಸುರಿಯುತ್ತಿದ್ದರು. ನಾನು ತಿಂದಷ್ಟೂ ಜನ ನಗುತ್ತಿದ್ದರು. ನಕ್ಕು ಸುಸ್ತಾದ ಜನರ ಮುಂದೆ ಬಕಾಸುರ ಬಂದು ನಿಲ್ಲುತ್ತಿದ್ದ.

ಆಗ ಅವನದೊಂದು ಮಾತು ಇತ್ತು. ಊರ ಹಿರಿಯರತ್ತ ಕೈ ಚಾಚಿ ಮಾವ ಹೇಳುತ್ತಿದ್ದ: "ಎಲೈ ಹಿರಿಯರೇ, ಗಡಿಯಲ್ಲಿ ನಾನು ನಿಂತ ಮೇಲೆ ಶತ್ರುವಿನ ಕುದುರೆ ನಿಮ್ಮ ಹೊಲ ತುಳಿದದ್ದುಂಟೆ? ಕಾದವನು ನಾನು, ಮಾತು ಕೊಟ್ಟವರು ನೀವು. ಹಸಿದವನ ಮಾತು ಕೇಳಿ, ಆಮೇಲೆ ಕೊಲ್ಲಿ!" ಮೈದಾನದಲ್ಲಿ ಸೂಜಿ ಬಿದ್ದರೂ ಕೇಳಿಸುತ್ತಿತ್ತು. ನನ್ನ ಕೈಯಲ್ಲಿದ್ದ ಗದೆ ಆ ಹೊತ್ತಿಗೆ ಭಾರವಾಗುತ್ತಿತ್ತು. ಕೊಲ್ಲುವುದು ಧರ್ಮವೇ ಇರಬಹುದು, ಆದರೆ ಅವನದೂ ಒಂದು ನ್ಯಾಯ ಇದೆ ಎಂದು ನಮ್ಮೂರಿನ ಎಮ್ಮೆ ಕಾಯುವವನಿಗೂ ಗೊತ್ತಿತ್ತು. ಊಟ ಸೇರದ ಮಕ್ಕಳನ್ನು ತಾಯಂದಿರು ಮಾವನ ಹತ್ತಿರ ತಂದು "ಬಕಾಸುರನ ಕೈತುತ್ತು ಹಾಕಪ್ಪ" ಎಂದು ಕೇಳುತ್ತಿದ್ದರು. ನಮಗೆ ರಾಕ್ಷಸ ಅಂದರೆ ಅಷ್ಟು ಹತ್ತಿರದವನು.

ಇನ್ನೊಂದು ಕಟ್ಟಳೆ ಇತ್ತು. ಸತ್ತ ಬಕಾಸುರ ತಾನಾಗಿ ಏಳಬಾರದು. ಕೊಂದ ಭೀಮನೇ ಗದೆ ಕೆಳಗಿಟ್ಟು, ಅವನ ಬಲಗೈ ಹಿಡಿದು, ಮನೆಯಲ್ಲಿ ಕರೆಯುವ ಹಾಗೆ ಮೂರು ಸಲ ಕರೆದು ಎಬ್ಬಿಸಬೇಕು, ಮಜ್ಜಿಗೆ ಕುಡಿಸಬೇಕು. ಅಲ್ಲಿಯವರೆಗೆ ಬೇರೆ ಯಾರೂ ಮುಟ್ಟುವಂತಿಲ್ಲ, ಸತ್ತವನು ಕಣ್ಣು ಬಿಡುವಂತಿಲ್ಲ. ಇಲ್ಲದಿದ್ದರೆ ಸಾವು ಮೈಗಂಟುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ನಾನು ಭೀಮನಾದ ಎರಡನೇ ವರ್ಷ ಬೆಳಗಿನ ಜಾವ, ಬಕಾಸುರ ಸತ್ತು ಬಿದ್ದ ಹೊತ್ತಿಗೇ, ದಪ್ಪ ಹನಿಯ ಮಳೆ ಬಂತು. ಎಲ್ಲರ ಜೊತೆ ನಾನೂ ಶಾಲೆ ಜಗಲಿಗೆ ಓಡಿದೆ. ಮಾವ ಕೆಸರಿನಲ್ಲಿ ಅರ್ಧ ಗಂಟೆ ಮಲಗಿಯೇ ಇದ್ದ. ಅತ್ತೆ ಮುನಿಯಮ್ಮ ಅವನನ್ನು ಮುಟ್ಟದೆ, ಅವನ ಮುಖದ ಮೇಲೆ ಛತ್ರಿ ಹಿಡಿದು ನಿಂತಿದ್ದಳು. ನಾನು ವಾಪಸ್ಸು ಹೋಗಿ ಎಬ್ಬಿಸಿದಾಗ ಮಾವ ಮೀಸೆಯ ಕೆಸರು ಒರೆಸಿಕೊಂಡು, "ಭೀಮ ಮಳೆಗೆ ಹೆದ್ರಿ ಓಡ್ದ ಅಂತ ಯಾವ ಪುರಾಣದಾಗೂ ಬರ್ದಿಲ್ಲ ಕಣೋ," ಎಂದ.

ಎರಡು ಸಾವಿರದ ನಾಲ್ಕರ ನಾಟಕಕ್ಕೆ ಸಿನಿಮಾದವರು ಬಂದಿದ್ದರು. ದೊಡ್ಡ ಪೌರಾಣಿಕ ಚಿತ್ರ ತೆಗೆಯುತ್ತಿದ್ದರು, ಕಂಪ್ಯೂಟರಿನಲ್ಲಿ ಏನೇನೋ ಮಾಡುವುದಿತ್ತು. ಡೈರೆಕ್ಟರು ಬೆಳಗಿನವರೆಗೂ ಕೂತು ನೋಡಿ, ಮಾವನ ಕಾಲಿಗೆ ಕೈ ಮುಟ್ಟಿಸಿ, ನೀವೇ ನಮ್ಮ ಬಕಾಸುರ ಎಂದರು. ಮಾವ ಒಂದೇ ಕೇಳಿದ.

"ನನ್ನ ಮಾತು ಇಟ್ಕೊಂತೀರಾ?"

"ಆ ಮಾತಿಗೋಸ್ಕರಾನೇ ಬಂದಿದೀವಿ ಯಜಮಾನ್ರೇ."

ಮಾವನಿಗೆ ಅಷ್ಟು ಸಾಕಾಯಿತು. ನಮ್ಮ ಮೈದಾನದಲ್ಲಿ ಐನೂರು ಜನ ಕೇಳುವ ಮಾತನ್ನು ಇಡೀ ನಾಡು ಕೇಳುತ್ತದೆ ಎಂದು ಅವನ ಎದೆ ಉಬ್ಬಿತು. ಒಂದು ತಿಂಗಳು ಕೊಟ್ಟಿಗೆಯಲ್ಲಿ ಹಸುಗಳ ಮುಂದೆ ಅದನ್ನೇ ಹೇಳಿ ಹೇಳಿ ಗಂಟಲು ಸರಿ ಮಾಡಿಕೊಂಡ. ನನ್ನನ್ನೂ ತೆಗೆದುಕೊಂಡರು, ಭೀಮನಾಗಿ ಅಲ್ಲ, ಭೀಮನ ಬೆನ್ನಾಗಿ. ಹೀರೋ ಹೊಡೆದಾಟದ ಶಾಟ್‌ಗಳಿಗೆ ಬರುತ್ತಿರಲಿಲ್ಲ. ನನ್ನ ಬೆನ್ನು ಅವರ ಬೆನ್ನಿನ ಹಾಗೇ ಇದೆಯಂತೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮಾತು ಕೇಳಿ ನಾನು ಫ್ಯಾಕ್ಟರಿಯಲ್ಲಿ ಎರಡು ವಾರ ಎದೆ ಸೆಟೆಸಿಕೊಂಡು ಓಡಾಡಿದೆ.

ಅತ್ತೆಗೆ ಮಾತ್ರ ಮನಸ್ಸಿರಲಿಲ್ಲ. "ಅಲ್ಲಿ ಸತ್ರೆ ಎಬ್ಬಿಸೋರ್ಯಾರು?" ಎಂದು ಕೇಳಿದಳು.

"ಇವ್ನಿಲ್ವಾ? ಹೊಡೆಯೋನೂ ಇವ್ನೇ, ಎಬ್ಬಿಸೋನೂ ಇವ್ನೇ," ಎಂದು ಮಾವ ನನ್ನ ಬೆನ್ನಿಗೊಂದು ಗುದ್ದು ಕೊಟ್ಟ. ಅತ್ತೆ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ.

ರಾಕ್ಷಸನ ಮೈ ತಯಾರು ಮಾಡುವ ಕೆಲಸ ಶಿವಾಜಿನಗರದ ರಫೀಕ್ ಭಾಯಿಗೆ ಬಂದಿತ್ತು. ಬಟ್ಟೆ ಅಂಗಡಿಗಳ ಮುಂದೆ ನಿಲ್ಲಿಸುವ ಗೊಂಬೆಗಳನ್ನು ಮಾಡುವವರು ಅವರು. ರಸೆಲ್ ಮಾರ್ಕೆಟ್ಟಿನ ಹಿಂದಿನ ಸಂದಿಯಲ್ಲಿದ್ದ ಅವರ ಕಾರ್ಖಾನೆಯಲ್ಲಿ ಮಾವನಿಗೆ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದರು. "ಅಪ್ಪಾಜಿ ಸೈಜಿಗೆ ಗೊಂಬೆ ಮಾಡಿದ್ರೆ ಅಂಗ್ಡೀದು ಛಾವಣಿ ಒಡೀಬೇಕು," ಎಂದು ಅವರು ನಗಿಸಿದರು. ಅಚ್ಚಿನ ಮೇಲೆ ರಬ್ಬರ್ ಹಾಲು ಸುರಿದು ಒಣಗಿಸಿ, ಮೇಲೆ ಕೂದಲು ಅಂಟಿಸಿದರು. ಆ ವಾಸನೆ ಅಲ್ಲಿಂದ ಶುರು.

ಎಲ್ಲ ಮುಗಿದ ದಿನ ಮಾವ ಆ ಮೈಯ ಸುತ್ತ ಎರಡು ಸುತ್ತು ಬಂದ. ತಲೆಗೆ ನಾಲ್ಕು ಕೊಂಬು, ಬೆನ್ನಿಗೆ ಮುಳ್ಳು, ಕಾಲಿಗೆ ಗೊರಸು.

"ಇದ್ಯಾವ ಸೀಮೆ ಬಕಾಸುರ? ಕರಡಿಗೆ ಕೊಂಬು ಬಂದಂಗೈತೆ," ಎಂದ. ಆಮೇಲೆ ಮುಖವಾಡ ಎತ್ತಿ ನೋಡಿ, "ಇದಕ್ಕೆ ಬಾಯೆಲ್ಲಿ?" ಎಂದು ಕೇಳಿದ.

ರಫೀಕ್ ಭಾಯಿ ಕೈ ಒರೆಸಿಕೊಂಡರು. "ಮೂಗಿಗೆ ಎರಡು ತೂತ ಬಿಡು ಅಂದ್ರು, ಬಿಟ್ಟೀನಿ. ಬಾಯಿ ಕಂಪ್ಯೂಟರ್ನಲ್ಲಿ ಹಾಕ್ತಾರಂತೆ ಅಪ್ಪಾಜಿ."

"ಮತ್ತೆ ಮಾತು?"

"ಅದೂ ಆಮೇಲೆ ಹಾಕ್ತಾರಂತೆ."

ಮಾವ ಮುಖವಾಡವನ್ನು ಮೆಲ್ಲಗೆ ಕೆಳಗಿಟ್ಟ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಕೋಲ್ಸ್ ಪಾರ್ಕು ದಾಟಿದ ಮೇಲೆ, "ಆಮೇಲೆ ಹಾಕ್ತಾರೆ ಅಂದ್ರೆ ಹಾಕ್ತಾರೆ ಬಿಡು, ದೊಡ್ಡೋರು ಮಾತು ಕೊಟ್ಟವ್ರೆ," ಎಂದ. ಬೇಡ ಅನ್ನು ಮಾವ, ಎಂದು ನಾನು ಆಗ ಹೇಳಬಹುದಿತ್ತು. ಹೇಳಿದರೆ ನನ್ನ ಬೆನ್ನಿನ ಅವಕಾಶವೂ ಹೋಗುತ್ತಿತ್ತು.

ಕೆ.ಆರ್. ಪುರದ ತೂಗು ಸೇತುವೆ ದಾಟಿ ಸ್ವಲ್ಪ ಮುಂದೆ, ಮುಚ್ಚಿಹೋದ ಫ್ಯಾಕ್ಟರಿಯೊಂದರ ತಗಡಿನ ಗೋಡೌನಿನಲ್ಲಿ ಶೂಟಿಂಗ್. ಮೇ ತಿಂಗಳ ಶುಕ್ರವಾರ. ಒಳಗೆ ಥರ್ಮೋಕೋಲಿನ ಗುಹೆ ಕಟ್ಟಿ, ಸಾಲಾಗಿ ದೊಡ್ಡ ದೀಪ ಉರಿಸಿದ್ದರು. ಬಂಡಿ ಎಲ್ಲೂ ಕಾಣಲಿಲ್ಲ. ಅನ್ನದ ಬಂಡಿ ಎಲ್ಲಿ ಎಂದು ನಾನು ಅಸೋಸಿಯೇಟ್ ಡೈರೆಕ್ಟರನ್ನು ಕೇಳಿದೆ. ನನಗಿಂತ ಚಿಕ್ಕವನು, ಕುತ್ತಿಗೆಯಲ್ಲಿ ವಾಕಿಟಾಕಿ.

"ಬಂಡಿ ಕಟ್ ಮಾಡಿದೀವಿ ಬ್ರದರ್. ಹೀರೋ ಅನ್ನ ತಿಂತಾ ಕೂತ್ರೆ ಇಮೇಜ್ ಏನಾಗುತ್ತೆ? ಈಗ ಹುಡುಗೀರನ್ನ ಚೈನ್ ಹಾಕಿ ಕಟ್ಟಿರ್ತಾನೆ ವಿಲನ್, ಹೀರೋ ಬಂದು ಬಿಡಿಸ್ತಾನೆ. ಸಿಂಪಲ್," ಎಂದು ಅವನು ನಕ್ಕ.

ತಿನ್ನದ ಭೀಮ, ಮಾತಾಡದ ಬಕಾಸುರ. ನನಗೆ ನಗು ಬಂತು. ನಗುವ ಹೊತ್ತೂ ಅದಾಗಿರಲಿಲ್ಲ, ಆದರೂ ನಕ್ಕೆ, ಅವನು ನಕ್ಕಿದ್ದನಲ್ಲ ಎಂದು.

ಹನ್ನೊಂದಕ್ಕೆ ಮಾವನಿಗೆ ಮೈ ತೊಡಿಸಿದರು. ಅದರ ಜಿಪ್ಪು ಬೆನ್ನಿಗಿತ್ತು, ಒಳಗಿದ್ದವನು ತಾನೇ ಬಿಚ್ಚಿಕೊಳ್ಳುವಂತಿರಲಿಲ್ಲ. ಹೊಡೆದಾಟದ ತುಣುಕುಗಳು ಒಂದೊಂದಾಗಿ ಮುಗಿದವು. ಮಧ್ಯೆ ಮಧ್ಯೆ ರಫೀಕ್ ಭಾಯಿ ಜಿಪ್ಪು ಇಳಿಸಿ ಬೀಸಣಿಗೆಯಲ್ಲಿ ಗಾಳಿ ಹಾಕುತ್ತಿದ್ದರು. ಹನ್ನೆರಡೂವರೆಗೆ ಅವರು ನಮಾಜಿಗೆ ಹೊರಟು ನನ್ನ ಹತ್ತಿರ ಬಂದರು. "ಜುಮ್ಮಾ ಮುಗಿಸ್ಕೊಂಡು ಬರ್ತೀನಿ ಭಾಯ್. ಶಾಟ್ ಆದ ತಕ್ಷಣ ಹಿಂದ್ಗಡೆ ಬಿಚ್ಬಿಡಿ. ಇದ್ರಲ್ಲಿ ಹವಾ ಆಡಲ್ಲ, ಸಮ್ಜೇ? ಮರೀಬೇಡಿ." ಮರೆಯಲ್ಲ ಎಂದೆ.

ಮುಂದಿನದು ಕೊಲ್ಲುವ ಶಾಟ್. ಶುರುವಾಗುವ ಮುಂಚೆ ಮಾವ ಹಿರಿಯರಿಲ್ಲದ ಆ ಗುಹೆಯಲ್ಲಿ ಖಾಲಿ ಗೋಡೆಯತ್ತ ಕೈ ಚಾಚಿದ. ರಬ್ಬರಿನ ಒಳಗಿಂದ ಗುಂಯ್ ಎಂದು ಏನೋ ಕೇಳಿಸಿತು. ಏನೆಂದು ನನಗೊಬ್ಬನಿಗೆ ಗೊತ್ತಿತ್ತು. ಅವನು ತನ್ನ ಮಾತು ಪೂರ್ತಿ ಹೇಳಿ ಮುಗಿಸಿ ನನ್ನ ಕಡೆ ತಿರುಗಿದ. ನಾನು ಗದೆ ಎತ್ತಿ ಇಳಿಸಿದೆ, ಅವನು ಬಿದ್ದ. "ಕಟ್! ಸೂಪರ್!" ಎಂದರು.

ನಾನು ಗದೆ ಕೆಳಗಿಟ್ಟು ಅವನತ್ತ ಎರಡು ಹೆಜ್ಜೆ ಇಟ್ಟೆ.

"ರೀ, ಮುಟ್ಬೇಡಿ! ಬಾಡಿ ಹಂಗೇ ಇರ್ಲಿ," ಎಂದು ಅಸೋಸಿಯೇಟ್ ಕೂಗಿದ. "ನೆಕ್ಸ್ಟ್ ಸಾರ್ ಕ್ಲೋಸಪ್. ಕಾಲ ಕೆಳಗೆ ಬಾಡಿ ಬೇಕು. ಕೈ ಸ್ವಲ್ಪ ಜರುಗಿದ್ರೂ ಹಿಂದಿನ ಶಾಟ್‌ಗೆ ಮ್ಯಾಚ್ ಆಗಲ್ಲ, ಕಂಟಿನ್ಯುಟಿ ಹೋಗುತ್ತೆ. ಹತ್ತು ನಿಮಿಷ ಅಷ್ಟೇ."

"ಸಾರ್, ನಾನು ಎಬ್ಬಿಸ್ಬೇಕು. ನಮ್ಮಲ್ಲಿ ಅದೊಂದು ಪದ್ಧತಿ. ಕೊಂದೋನೇ ಕೈ ಹಿಡಿದು..."

"ಏನು, ಜೀವ ಕೊಡ್ತೀರಾ?" ಎಂದ. ದೀಪದವರು, ಕ್ಯಾಮೆರಾದವರು ಎಲ್ಲ ನಕ್ಕರು. ನಾನು ನಿಂತಲ್ಲೇ ನಿಂತೆ. ಮಾವನ ಬಲಗೈ ನನ್ನಿಂದ ಒಂದು ಮಾರು ದೂರದಲ್ಲಿ, ಅಂಗೈ ಮೇಲೆ ಮಾಡಿ ಬಿದ್ದಿತ್ತು. ಅದನ್ನು ಅವನು ಹಾಗೆ ಇಟ್ಟಿದ್ದು ನನಗಾಗಿ. ಯಾರೋ ಅದರ ಸುತ್ತ ಕೆಂಪು ಬಣ್ಣ ಸುರಿದರು.

ಹತ್ತು ನಿಮಿಷ ಆಯಿತು. ಹೀರೋ ತಮ್ಮ ವ್ಯಾನಿನಲ್ಲೇ ಇದ್ದರು. ಯೂನಿಟ್ಟಿಗೆ ಊಟ ಬಂತು. "ಮಾವ, ಇರು, ಬಂದೆ," ಎಂದು ಮೆಲ್ಲಗೆ ಹೇಳಿದೆ. ಅವನು ಅಲ್ಲಾಡಲಿಲ್ಲ. ಅಲ್ಲಾಡದೆ ಇರುವುದು ಅವನ ಪದ್ಧತಿ ಎಂದು ನನಗೆ ಗೊತ್ತಿತ್ತು, ಹಾಗಾಗಿ ಧೈರ್ಯವಾಗಿ ಹೊರಗೆ ಹೋದೆ. ಹೊಂಗೆ ಮರದ ನೆರಳಿನಲ್ಲಿ ಎಲೆ ಹಾಕಿದ್ದರು. ನಾನು ಊಟ ಮಾಡಿದೆ. ಅನ್ನ ಎರಡು ಸಲ ಹಾಕಿಸಿಕೊಂಡೆ. ಈ ಬರಹದಲ್ಲಿ ಬೇರೆ ಯಾವುದನ್ನು ಬಿಟ್ಟರೂ ಇದೊಂದನ್ನು ಬಿಡಬಾರದೆಂದು ಬರೆದಿದ್ದೇನೆ.

ಹೀರೋ ಬಂದಾಗ ಮೂರು ಗಂಟೆ. ಅವರು ಮಾವನ ಎದೆಯ ಮೇಲೆ ಕಾಲಿಟ್ಟು ಗದೆ ಎತ್ತಿ ಹಿಡಿದರು. ಒಂದು ಟೇಕಿನಲ್ಲಿ ಬೆಳಕು ಸರಿಯಿರಲಿಲ್ಲ, ಇನ್ನೊಂದರಲ್ಲಿ ಕೂದಲು ಹಾರಲಿಲ್ಲ. ಮೂರನೆಯದು ಓಕೆ ಆಗಿ ಅವರು ಹೊರಟರು. "ಏನ್ ಪೇಷೆನ್ಸ್ ಗುರು ಯಜಮಾನ್ರದ್ದು! ಉಸಿರಾಡಿದ್ದೂ ಕಾಣ್ಲಿಲ್ಲ," ಎಂದ ಅಸೋಸಿಯೇಟ್.

ನಾನು ಓಡಿದೆ. ಬಲಗೈ ಹಿಡಿದು, "ಮಾವ, ಪಿಳ್ಳಪ್ಪ ಮಾವ, ಏಳು," ಎಂದೆ. ಎರಡನೇ ಸಲ ಕರೆದೆ. ಮೂರನೇ ಸಲ ಕರೆಯುವಾಗ ನನ್ನ ದನಿ ಗೋಡೌನಿಗೆಲ್ಲ ಕೇಳಿತ್ತು. ಕೈ ನನ್ನ ಕೈಯಿಂದ ಜಾರಿತು. ಆಗ ತಾನೇ ವಾಪಸ್ಸು ಬಂದಿದ್ದ ರಫೀಕ್ ಭಾಯಿ ನನ್ನನ್ನು ತಳ್ಳಿ, ಜಿಪ್ಪಿಗೂ ಕಾಯದೆ ರಬ್ಬರನ್ನು ಬ್ಲೇಡಿನಲ್ಲಿ ಸೀಳಿದರು. ಒಳಗಿಂದ ನೀರು ಸುರಿದಂತೆ ಬೆವರು ಸುರಿಯಿತು. "ಯಾ ಅಲ್ಲಾ, ಬಿಚ್ಲೇ ಇಲ್ವಾ? ಬಿಚ್ಲೇ ಇಲ್ವಾ ನೀವು?" ಎಂದು ಕೇಳುತ್ತಲೇ ಇದ್ದರು.

ಇಂದಿರಾನಗರದ ಆಸ್ಪತ್ರೆಯೊಂದರಲ್ಲಿ ಹದಿನೆಂಟು ದಿನ. ಮಾವ ಬದುಕಿದ. ಕಾವು ತಲೆಗೇರಿ ಮೆದುಳಿಗೆ ಪೆಟ್ಟಾಗಿದೆ ಎಂದರು ಡಾಕ್ಟರು. ಬಲಗಡೆ ಬಿದ್ದುಹೋಯಿತು, ಮಾತು ಹೋಯಿತು. ಕಿವಿ ಮತ್ತು ಬುದ್ಧಿ ಉಳಿದವು. ಅವೂ ಹೋಗಿದ್ದರೆ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಸಿನಿಮಾದವರು ಒಂದು ಸಲ ಬಂದು ಹಣ್ಣಿನ ಬುಟ್ಟಿ ಇಟ್ಟು ಹೋದರು. ಅತ್ತೆ ನನ್ನನ್ನು ಬೈಯಲಿಲ್ಲ. ಏನಾಯಿತು ಎಂದು ಒಂದೇ ಸಲ ಕೇಳಿದಳು, ನಾನು ಒಂದೂ ಬಿಡದೆ ಹೇಳಿದೆ, ಊಟದ ಮಾತನ್ನೂ. ಅವಳು ಹೂಂ ಎಂದು ಹಸುವಿಗೆ ಹುಲ್ಲು ಹಾಕಲು ಎದ್ದು ಹೋದಳು.

ದಿನಾ ಫ್ಯಾಕ್ಟರಿ ಬಿಟ್ಟ ಮೇಲೆ ನಾನು ಅವರ ಮನೆಗೆ ಹೋಗುತ್ತಿದ್ದೆ. ಮಂಚದ ಪಕ್ಕ ಕೂತು, ಮಾವನ ಬಲಗೈ ಹಿಡಿದು, ಮೂರು ಸಲ ಕರೆಯುತ್ತಿದ್ದೆ. ತಡವಾಗಿ ಎಬ್ಬಿಸಿದರೂ ಎಬ್ಬಿಸಿದ ಹಾಗೆಯೇ ಅಲ್ಲವೇ ಎಂದು ಹುಚ್ಚು ಆಸೆ. ಆಷಾಢದಲ್ಲಿ ಒಂದು ಸಂಜೆ ಅತ್ತೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದಳು.

"ಬಾ, ಕೂತ್ಕೊ, ಕಾಪಿ ಕುಡಿ. ಆದ್ರೆ ಕರೀಬೇಡ ಕಣೋ."

"ಯಾಕತ್ತೆ?"

"ನೀನು ಕರ್ದಾಗೆಲ್ಲ ಏಳಾಕೆ ನೋಡ್ತಾರೆ. ಆಗಾಕಿಲ್ಲ. ನೀನು ಹೋದ್ಮೇಲೆ ಅಳ್ತಾರೆ."

ಆಮೇಲೆ ನಾನು ಕರೆಯಲಿಲ್ಲ.

ಮುಂದಿನ ಯುಗಾದಿಗೆ ನಾಟಕ ಆಗಲಿಲ್ಲ. ಹಾರ್ಮೋನಿಯಂ ಮೇಷ್ಟ್ರು ಬಕಾಸುರನ ವೇಷಕ್ಕೆಂದು ನಾಲ್ಕು ಮನೆ ಹತ್ತಿಳಿದರು. ಒಬ್ಬನಿಗೆ ಮಂಡಿನೋವು, ಇನ್ನೊಬ್ಬನಿಗೆ ರಜೆ ಇಲ್ಲ. ನಿಜವೇನೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಬ್ಬಿಸದ ಭೀಮನ ಮುಂದೆ ಯಾರು ತಾನೇ ಬೀಳುತ್ತಾರೆ? ನಾನೇ ಮೇಷ್ಟ್ರ ಮನೆಗೆ ಹೋಗಿ ಬೇರೆ ಭೀಮನನ್ನು ನೋಡಿಕೊಳ್ಳಿ ಎಂದೆ. ಅವರು ಗದೆ ತೆಗೆದುಕೊಂಡು ಒಳಗಿಟ್ಟರು, ಬೇಡ ಅನ್ನಲಿಲ್ಲ. ಅದಾದ ಮೇಲೂ ನಾಟಕ ನಡೆಯಲಿಲ್ಲ.

ಅದೇ ಬೇಸಿಗೆಯಲ್ಲಿ ಸಿನಿಮಾ ಬಂತು. ಅತ್ತೆ ನೋಡಲೇಬೇಕೆಂದು ಹಟ ಹಿಡಿದಳು. "ಅವ್ರು ಕೇಳ್ತಾ ಅವ್ರೆ, ಕಣ್ಣಲ್ಲೇ ಕೇಳ್ತಾರೆ. ಮಾತು ಇಟ್ಟವ್ರಾ ಅಂತ. ನೋಡ್ಕೊಂಡು ಬಂದು ಹೇಳ್ಬೇಕು." ಅಕ್ಕಪಕ್ಕದವರನ್ನು ಮಾವನ ಹತ್ತಿರ ಕೂರಿಸಿ, ನಾವಿಬ್ಬರೂ ಹಲಸೂರಿನ ಟಾಕೀಸಿಗೆ ಮ್ಯಾಟಿನಿಗೆ ಹೋದೆವು.

ಒಳಗೆ ಕಾಲಿಡಲು ಜಾಗವಿಲ್ಲ. ಬಕಾಸುರ ಬಂದ. ಮಾವನ ಎತ್ತರವನ್ನು ಕಂಪ್ಯೂಟರಿನಲ್ಲಿ ಹತ್ತು ಪಟ್ಟು ಮಾಡಿದ್ದರು, ನಡಿಗೆಯನ್ನು ಮೃಗದ ನಡಿಗೆ ಮಾಡಿದ್ದರು. ಮುಖವಾಡಕ್ಕೆ ಬಾಯಿ ಬಂದಿತ್ತು, ಕಿವಿಯವರೆಗೆ ಸೀಳಿದ ಬಾಯಿ, ಅದರಿಂದ ಜೊಲ್ಲು ಸುರಿಯುತ್ತಿತ್ತು. ಆ ಬಾಯಿಂದ ಹೊರಟಿದ್ದು ಬರೀ ಗುರ್ ಗುರ್ ಎಂಬ ಸದ್ದು. ಅತ್ತೆ ಪರದೆಯ ಅಂಚಿನಿಂದ ಅಂಚಿಗೆ ಹುಡುಕುತ್ತಿದ್ದಳು. "ಇದ್ರಾಗೆ ಅವ್ರೆಲ್ಲಪ್ಪಾ?" ಎಂದು ನನ್ನ ಕಿವಿಯಲ್ಲಿ ಕೇಳಿದಳು.

ಹೀರೋ ಅವನನ್ನು ಕೊಂದರು. ಕೊಂದು ಎದೆಯ ಮೇಲೆ ಕಾಲಿಟ್ಟರು. ಆ ಶಾಟ್‌ನಲ್ಲಿ ಕಂಪ್ಯೂಟರಿನವರು ಹೆಚ್ಚು ಕೈಯಾಡಿಸಿರಲಿಲ್ಲ. ಅಂಗೈ ಮೇಲೆ ಮಾಡಿದ ಆ ಕೈ ಹಾಗೇ ಇತ್ತು. ಅತ್ತೆಗೆ ಗುರುತು ಸಿಕ್ಕಿತು, ಸೆರಗು ಬಾಯಿಗೆ ಒತ್ತಿಕೊಂಡಳು. ಆಗ ಹೀರೋ ಗದೆ ಎತ್ತಿ, ಹೆದರಿ ನಿಂತ ಊರ ಹಿರಿಯರತ್ತ ತಿರುಗಿ ಹೇಳಿದರು: "ಗಡಿಯಲ್ಲಿ ನಾನು ನಿಂತ ಮೇಲೆ ಶತ್ರುವಿನ ಕುದುರೆ ನಿಮ್ಮ ಹೊಲ ತುಳಿಯುವುದುಂಟೆ? ಕಾಯುವವನು ನಾನು! ಹಸಿದವನ ಮಾತು ಕೇಳಿ!" ಇಡೀ ಟಾಕೀಸು ಎದ್ದು ನಿಂತಿತು. ಸೀಟಿ, ಚೂರು ಕಾಗದ, ಜೈಕಾರ. ಮಾವನ ಮಾತು ಅವನ ಎದೆಯ ಮೇಲೆ ನಿಂತವನ ಬಾಯಲ್ಲಿತ್ತು. ಆ ಮಾತಿಗೋಸ್ಕರವೇ ಬಂದಿದ್ದೇವೆ ಎಂದು ಡೈರೆಕ್ಟರು ಹೇಳಿದ್ದು ಸುಳ್ಳಾಗಿರಲಿಲ್ಲ.

ವಾಪಸ್ಸು ಬಂದು ಮನೆಯ ಬಾಗಿಲಲ್ಲಿ ನಿಂತು ಅತ್ತೆ, "ನೀನೇ ಹೇಳು. ನನ್ ಕೈಲಿ ಆಗಾಕಿಲ್ಲ," ಎಂದಳು.

ಮಾವ ಬಾಗಿಲನ್ನೇ ನೋಡುತ್ತ ಮಲಗಿದ್ದ. ನಾನು ಮಂಚದ ಪಕ್ಕ ಕೂತೆ. ಅವನ ಕಣ್ಣು ಕೇಳಿತು.

"ಇಟ್ಟವ್ರೆ ಮಾವ. ಕುದುರೆ ಮಾತು, ಹಸಿದವ್ನ ಮಾತು, ಎಲ್ಲ ಇಟ್ಟವ್ರೆ. ಜನ ಎದ್ ನಿಂತ್ಕೊಂಡು ಸೀಟಿ ಹೊಡೆದ್ರು."

ನಾನು ಅವನಿಗೆ ಸುಳ್ಳು ಹೇಳಲಿಲ್ಲ. ಅದು ಸುಳ್ಳಿಗಿಂತ ಕೆಟ್ಟದ್ದು ಎಂದು ನನಗೆ ಗೊತ್ತಿತ್ತು. ಮಾವನ ಮುಖದ ಎಡಭಾಗ ಅರಳಿತು. ಎಡಗೈಯನ್ನು ಹಾಸಿಗೆಯಿಂದ ಒಂದು ಗೇಣು ಎತ್ತಿ, ಮೈದಾನದಲ್ಲಿ ಚಾಚುತ್ತಿದ್ದ ಹಾಗೆ ನಮ್ಮತ್ತ ಚಾಚಿದ. ಗಂಟಲ ನರ ಉಬ್ಬಿತು. ಎಲೈ ಹಿರಿಯರೇ ಎಂದು ಶುರು ಮಾಡಲು ಹೊರಟಿದ್ದ. ಬಂದದ್ದು ಆ ಮಧ್ಯಾಹ್ನ ಟಾಕೀಸಿನಲ್ಲಿ ಕೇಳಿ ಬಂದಿದ್ದ ಗುರ್ ಗುರ್ ಸದ್ದು. ಕೊನೆಯವರೆಗೂ ಬಿಡದೆ, ಎಲ್ಲಿ ಏರಿಸಬೇಕೋ ಅಲ್ಲಿ ಏರಿಸಿ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ ಅವನು ಅದನ್ನೇ ಹೇಳಿ ಮುಗಿಸಿದ. ಆಮೇಲೆ ಸರಿ ಬಂತೇ ಎಂದು ಹೆಂಡತಿಯನ್ನು ನೋಡಿದ.

ಅತ್ತೆ ಮಂಚದ ಹತ್ತಿರ ಬಂದು, ಅವನ ಬಾಯಿಂದ ಸುರಿಯುತ್ತಿದ್ದ ಜೊಲ್ಲನ್ನು ಸೆರಗಿನಿಂದ ಒರೆಸಿದಳು.

"ಹೂಂ," ಎಂದಳು. "ಸಿನಿಮಾದಾಗೂ ಹಿಂಗೇ ಅಂದ್ರಿ. ಹಿಂಗೇ."

ಮಾವ ನಂಬಿದ.